ಒರೆಗೆ ಹಚ್ಚಿದ ಸರ

ದಂಡಿನಶಿವರ
೨೦-೧-೨೦೦೨

ಮಗಳು ಕೃತಿಕಾಳಿಗೆ ಅವ್ವನ ಆಶೀರ್ವಾದ.

ಸಂಕ್ರಾಂತಿಗೆ ನೀನು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದರೂ ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚುವಾಗ ನಿನ್ನ ಪಾಲಿನದನ್ನೂ ಸೇರಿಸಿಯೇ ಹೆಚ್ಚಿದೆ. ಕೈಗೆ ಬುದ್ಧಿ ಎಲ್ಲಿದೆ. ನಿಮ್ಮಪ್ಪ ನೋಡಿ, "ಯಾರಿಗೆ ಇಷ್ಟೊಂದು? ಊರಿಗೆಲ್ಲ ಬೀರ್ತೀಯಾ?" ಅಂದರು. ಅದನ್ನೇ ಡಬ್ಬಿಗೆ ತುಂಬಿ, ಎತ್ತು ನೋಡಲು ಶೆಟ್ಟಿಕೆರೆ ಕಡೆ ಹೊರಟಿದ್ದ ಸಣ್ಣತಿಮ್ಮಯ್ಯನ ಕೈಯಲ್ಲಿ ಈ ಕಾಗದದ ಜೊತೆ ಕಳಿಸಿದ್ದೇನೆ. ನಿನ್ನ ಅತ್ತೆ ಡಬ್ಬಿಯನ್ನು ಒಳಗೆ ಬಿಟ್ಟುಕೊಂಡರೆ ತಿನ್ನು. ಇಲ್ಲವಾದರೆ ಪುಟ್ಟಿಯ ಕೈಗೆ ಕೊಟ್ಟುಬಿಡು. ಮೂರು ವರ್ಷದ ಮಗುವಿನ ಮೇಲೆ ಯಾರಿಗೂ ಸಿಟ್ಟಿರುವುದಿಲ್ಲ.

ಫೋನು ಮಾಡಬಹುದಿತ್ತು. ಆದರೆ ನಿಮ್ಮ ಫೋನು ನಡುಮನೆಯಲ್ಲಿದೆ, ಅದರ ಪಕ್ಕದಲ್ಲೇ ನಿನ್ನ ಅತ್ತೆಯ ಕುರ್ಚಿ. ನಾನು ಹಲೋ ಅಂದ ಕೂಡಲೇ ಕಲ್ಲಮ್ಮನವರಿಗೆ ಕೆಮ್ಮು ಬರುತ್ತದೆ. ಆ ಕೆಮ್ಮಿನ ಅರ್ಥ ನನಗೂ ಗೊತ್ತು, ಅವರಿಗೂ ಗೊತ್ತು. ಅದಕ್ಕೇ ಈ ಕಾಗದ.

ಅಲ್ಲ, ನಾನು ಮಾಡಿದ್ದಾದರೂ ಏನು? ಒಂದು ಸರವನ್ನು ಒರೆಗೆ ಹಚ್ಚಿಸಿದೆ. ಕೊಲೆ ಮಾಡಲಿಲ್ಲ. ದೀಪಾವಳಿಗೆ ನೀನು ಬಂದಾಗ ಎಣ್ಣೆನೀರು ಎರೆಯಲು ಕೂರಿಸಿ, ಸರ ಬಿಚ್ಚಿಟ್ಟು, ಜಡೆ ಮೇಲೆತ್ತಿದರೆ ಕತ್ತಿನ ಹಿಂದೆ ಕಪ್ಪಗೆ ಪಟ್ಟಿ ಕಟ್ಟಿತ್ತು. ಸೀಗೆಪುಡಿ ಹಾಕಿ ಉಜ್ಜಿದೆ, ಕಡಲೆಹಿಟ್ಟು ಹಾಕಿ ಉಜ್ಜಿದೆ, ಕೊನೆಗೆ ತೆಂಗಿನ ನಾರನ್ನೇ ಹಿಡಿದೆ. "ಉರೀತದೆ ಬುಡವ್ವ" ಅಂತ ನೀನು ಅತ್ತರೂ ಬಿಡಲಿಲ್ಲ. ಕಪ್ಪು ಹೋಗಲಿಲ್ಲ. ಸರ ಕೂರುವ ಜಾಗದಲ್ಲೇ ಕಪ್ಪು. ಯಾವ ತಾಯಿಯಾದರೂ ಏನು ಅಂದುಕೊಳ್ಳುತ್ತಾಳೆ? ಖೋಟಾ ಚಿನ್ನ ಅಂದುಕೊಳ್ಳುತ್ತಾಳೆ. ತಿಪಟೂರಿಗೆ ಹೋಗಿ ಆಚಾರಿಗೆ ತೋರಿಸಿದೆ. ಆ ಆಚಾರಿ ನಿನ್ನ ಮಾವನವರ ಚಡ್ಡಿ ದೋಸ್ತಿ ಅಂತ ನನಗೇನು ಕನಸು ಬಿದ್ದಿತ್ತೇ? ಅದು ಕಲ್ಲಮ್ಮನವರಿಗೆ ಅವರ ತಾಯಿ ಹಾಕಿದ್ದ ಸರ, ಅವರು ತಮ್ಮ ಕತ್ತಿನಿಂದ ಬಿಚ್ಚಿ ನಿನಗೆ ಹಾಕಿದ್ದು ಅಂತ ಗೊತ್ತಿದ್ದರೆ ಹಚ್ಚಿಸುತ್ತಿರಲಿಲ್ಲ. ಗೊತ್ತಿದ್ದರೂ ಹಚ್ಚಿಸುತ್ತಿದ್ದೆನೇನೋ. ಅಪ್ಪಟ ಅಂದ ಆಚಾರಿ. ಆಯಿತು. ಅದಕ್ಕೆ, "ನಮ್ಮ ಚಿನ್ನ ಒರೆಗೆ ಹಚ್ಚಿದೋರ ಮನೆ ಹೊಸ್ಲು ನನ್ನ ಸೊಸೆ ತುಳಿಯಾದು ಬ್ಯಾಡ" ಅಂತ ಅಪ್ಪಣೆ ಹೊರಡಿಸುವುದೇ?

ಇರಲಿ. ಕೇಳುವುದಕ್ಕೆ ಮುಚ್ಚುಮರೆ ಮಾಡದೆ ಉತ್ತರ ಬರೆ. ಕಪ್ಪು ಹಾಗೇ ಇದೆಯೋ? ಕಂಕುಳಲ್ಲೂ ಇದೆಯೋ? ಮುಟ್ಟು ಸರಿಯಾಗಿ ಆಗುತ್ತಿದೆಯೋ?

ಸುಮ್ಮನೆ ಕೇಳಿದೆ ಅಷ್ಟೇ.

ನಿನ್ನ ಅವ್ವ
ಚಿಕ್ಕಗೌರಮ್ಮ


ಶೆಟ್ಟಿಕೆರೆ
೩-೨-೨೦೦೨

ಅವ್ವ,

ನಾವೆಲ್ಲ ಚೆನ್ನಾಗಿದ್ದೇವೆ. ಡಬ್ಬಿ ಸೇರಿತು. ಅತ್ತೆ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿ, "ಅಲ್ಲಿಡು" ಅಂದರು. ಸಂಜೆ ಪುಟ್ಟಿ ಬಂದು, "ಅಜ್ಜಿ ಬಾಯ್ತುಂಬ ತಿಂತಾವ್ಳೆ" ಅಂತ ವರದಿ ಕೊಟ್ಟಳು. ಕೊಬ್ಬರಿ ಚೆನ್ನಾಗಿತ್ತೆಂದು ಇದರಿಂದ ತಿಳಿದುಕೋ.

ಕಪ್ಪು ಹಾಗೇ ಇದೆ. ಕಂಕುಳಲ್ಲೂ ಇದೆ. ಈಗ ಜಡೆಯನ್ನು ಇಳಿಬಿಟ್ಟು ಸೆರಗು ಹೊದ್ದುಕೊಂಡೇ ಓಡಾಡುತ್ತೇನೆ. ಮೊನ್ನೆ ಬಾಗಿನ ಕೊಡಲು ಬಂದವಳೊಬ್ಬಳು ನನ್ನ ಕತ್ತನ್ನೇ ನೋಡುತ್ತಿದ್ದಳು. ಒಲೆ ಮುಂದೆ ಕೂತಿದ್ದೆ, ಮಸಿ ಹತ್ತಿದೆ ಅಂತ ನಾನೇ ಹೇಳಿದೆ. ಅವಳು ಕೇಳಿರಲೇ ಇಲ್ಲ.

ಮುಟ್ಟಿನ ವಿಷಯ ಕೇಳಿದ್ದೀಯ. ದೀಪಾವಳಿಗೆ ಮುಂಚೆ ಆದದ್ದೇ ಕೊನೆ. ಪುಟ್ಟಿ ಹುಟ್ಟಿದ ಮೇಲೆ ಯಾವತ್ತೂ ಸರಿಯಾಗಿ ಆಗಿಲ್ಲ, ಆದರೆ ಇಷ್ಟು ದಿನ ನಿಂತದ್ದು ಇದೇ ಮೊದಲು. ಅತ್ತೆ ಲೆಕ್ಕ ಹಾಕಿ ನಾನು ಬಸುರಿ ಎಂದು ತೀರ್ಮಾನ ಮಾಡಿದ್ದಾರೆ. ಬಿಂದಿಗೆ ಎತ್ತಲು ಬಿಡುವುದಿಲ್ಲ. "ಎರಡು ಜೀವ ಕಣವ್ವ, ಉಣ್ಣು" ಅಂತ ಬೆಳಿಗ್ಗೆ ಒಂದು ಕೊಬ್ಬರಿ ಉಂಡೆ, ಸಂಜೆ ಒಂದು, ಮೇಲೆ ತುಪ್ಪ. ಇವರು ಚಿಕ್ಕನಾಯಕನಹಳ್ಳಿಯ ಮೆಡಿಕಲ್ ಸ್ಟೋರಿನಿಂದ ಆ ಕಾರ್ಡು ತಂದುಕೊಟ್ಟರು, ಮೂತ್ರ ಹಾಕಿ ನೋಡುವುದು. ಒಂದೇ ಗೆರೆ. ವಾರ ಬಿಟ್ಟು ಇನ್ನೊಂದು ತಂದರು. ಅದರಲ್ಲೂ ಒಂದೇ ಗೆರೆ. ನಾನು ಬಸುರಿಯಲ್ಲ ಅವ್ವ. ಇದು ನನಗೆ, ಇವರಿಗೆ, ಈಗ ನಿನಗೆ ಮಾತ್ರ ಗೊತ್ತು. ಅತ್ತೆ ಹಳೆಯ ಮೆತ್ತನೆ ಸೀರೆಯೊಂದನ್ನು ಹರಿದು ಮಗುವಿನ ಬಟ್ಟೆ ಮಾಡಿ ಮಡಿಸಿಟ್ಟಿದ್ದಾರೆ. ಹೇಗೆ ಹೇಳಲಿ?

ಊಟ ಆದ ಮೇಲೆ ಕಣ್ಣು ಎಳೆಯುತ್ತದೆ. ರವಿಕೆಗಳೆಲ್ಲ ಬಿಗಿಯಾಗಿವೆ. ಹೊಟ್ಟೆ ಮುಂದೆ ಬಂದಿರುವುದರಿಂದ ಅತ್ತೆಯ ತೀರ್ಮಾನಕ್ಕೆ ಸಾಕ್ಷಿಯೂ ಇದೆ. ನೀನು ಬಾಣಂತನದಲ್ಲಿ ಹಾಕಿದ ತುಪ್ಪ ಇನ್ನೂ ಇಳಿದಿಲ್ಲ ಅಂತ ಇವರು ರೇಗಿಸುತ್ತಾರೆ.

ಒಂದು ಮಾತು. ಕಂಕುಳು ಅಂತ ನಿನಗೆ ಹೇಗೆ ಹೊಳೆಯಿತು? ಸರವನ್ನು ಯಾರೂ ಕಂಕುಳಿಗೆ ಹಾಕಿಕೊಳ್ಳುವುದಿಲ್ಲವಲ್ಲ.

ನಿನ್ನ
ಕೃತಿಕಾ


ದಂಡಿನಶಿವರ
೯-೨-೨೦೦೨

ಕೃತಿಕಾ,

ಕಾಗದ ಮುಟ್ಟಿದ ದಿನವೇ ತಿಪಟೂರಿಗೆ ಹೊರಡು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಲೇಡಿ ಡಾಕ್ಟರ್ ಇದ್ದಾರೆ. ರಕ್ತದಲ್ಲಿ ಸಕ್ಕರೆ ನೋಡಿ ಅಂತ ನೀನೇ ಬಾಯಿಬಿಟ್ಟು ಕೇಳು. ಅವರು ಬೇಡ ಅಂದರೂ ಕೇಳು. ಉಂಡೆ ತಿನ್ನುವುದನ್ನು ಇವತ್ತೇ ನಿಲ್ಲಿಸು. ಅತ್ತೆ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ, ನನ್ನ ಮೇಲೆ ಇರುವ ಸಿಟ್ಟಿನ ಜೊತೆಗೇ ಅದನ್ನೂ ಇಟ್ಟುಕೊಳ್ಳುತ್ತಾರೆ.

ಕಾರಣ ಕೇಳಬೇಡ. ಹೇಳಿದಷ್ಟು ಮಾಡು.

ಅವ್ವ


ಶೆಟ್ಟಿಕೆರೆ
೨-೩-೨೦೦೨

ಅವ್ವ,

ನಾನು ಹೋಗಲಿಲ್ಲ. ಹೋಗುವುದೂ ಇಲ್ಲ.

ಬಸುರಿಯಲ್ಲ ಅಂತ ಅತ್ತೆಗೆ ಕೊನೆಗೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹರಿದಿಟ್ಟಿದ್ದ ಬಟ್ಟೆಗಳನ್ನು ತೆಗೆದುಕೊಂಡು ಹೋಗಿ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇಟ್ಟು ಬಂದರು. ಮಾರನೆಯ ದಿನ ಸಮಯ ನೋಡಿ, ನಮ್ಮವ್ವ ಸಕ್ಕರೆ ಪರೀಕ್ಷೆ ಮಾಡಿಸು ಅಂತ ಬರೆದಿದ್ದಾಳೆ ಅಂದೆ. ಆಗ ನೋಡು ಸಿಟ್ಟು ಬಂದದ್ದು. "ಮೊದ್ಲು ನಮ್ಮ ಚಿನ್ನ ಖೋಟಾ. ಈಗ ನಮ್ಮ ಅನ್ನಾನೂ ಖೋಟಾನಾ? ಉಣ್ಣಾಕಿಕ್ಕಿದ್ದೇ ರೋಗ ಅಂತಾರೇನು ನಿಮ್ಮವ್ವ?" ನನಗೂ ಹಾಗೇ ಅನ್ನಿಸಿತು.

ನನಗೆ ಇಪ್ಪತ್ತೇಳು ವರ್ಷ ಅವ್ವ. ಸಕ್ಕರೆ ಕಾಯಿಲೆ ಮಾವನವರ ಜೊತೆ ಜಗಲಿಯಲ್ಲಿ ಕೂರುವ ಮುದುಕರಿಗೆ ಬರುತ್ತದೆ. ನನಗೆ ಎಲ್ಲೂ ನೋವಿಲ್ಲ, ಜ್ವರವಿಲ್ಲ. ಮೊದಲು ಕೊಳೆ ಅಂತ ಉಜ್ಜಿದೆ, ಆಮೇಲೆ ಚಿನ್ನ ಅಂದೆ, ಈಗ ಸಕ್ಕರೆ ಅನ್ನುತ್ತಿದ್ದೀಯ. ನಾಳೆ ಏನು ಹೇಳುತ್ತೀಯೋ. ಇಲ್ಲಿ ಎರಡು ಕಡೆಯ ಮಾತಿನ ನಡುವೆ ನಿಂತಿರುವವಳು ನಾನು. ಪ್ರತಿಸಲ ನಿನ್ನ ಕಾಗದ ಬಂದಾಗಲೂ ಈ ಮನೆಯಲ್ಲಿ ನನ್ನ ಮುಖ ಸಣ್ಣದಾಗುತ್ತದೆ, ಅದು ನಿನಗೆ ಗೊತ್ತಿದೆಯೋ?

ನೀನು ಏನನ್ನೋ ಮುಚ್ಚಿಡುತ್ತಿದ್ದೀಯ. ಕಾರಣ ಬರೆದರೆ ಹೋಗುತ್ತೇನೆ. ಇಲ್ಲವಾದರೆ ಈ ಮಾತು ಇಲ್ಲಿಗೇ ಸಾಕು.

ಕೃತಿಕಾ


ದಂಡಿನಶಿವರ
೨೧-೩-೨೦೦೨

ಮಗಳೇ,

ಕಾರಣ ಬರೆ ಅಂದೆ. ಬರೆದು ಬರೆದು ಹರಿದು ಹಾಕಿದೆ. ನಿಮ್ಮಪ್ಪ ದಿನಾ ಇನ್‌ಲ್ಯಾಂಡ್ ಲೆಟರ್ ತಂದುಕೊಟ್ಟು, "ಯಾರ ಮೇಲೆ ಕೇಸ್ ಹಾಕ್ತಿದೀಯಾ?" ಅಂತ ಕೇಳುತ್ತಾರೆ. ಇದನ್ನು ಮಾತ್ರ ಮತ್ತೆ ಓದದೆ ಅಂಟಿಸಿ ಅಂಚೆ ಡಬ್ಬಿಗೆ ಹಾಕುತ್ತೇನೆ.

ನಿನಗೆ ಗಂಗ ಚಿಕ್ಕವ್ವನ ನೆನಪಿದೆಯೋ? ನನ್ನ ತಂಗಿ ಸಿದ್ದಗಂಗಮ್ಮ. ನೊಣವಿನಕೆರೆಗೆ ಕೊಟ್ಟಿದ್ದೆವು. ನೀನು ಆರನೇ ಕ್ಲಾಸಿನಲ್ಲಿದ್ದಾಗ ಹೋದಳು. ಜ್ವರ ಬಂದು ಹೋದಳು ಅಂತ ನಿನಗೆ ಹೇಳಿದ್ದೆವು. ಜ್ವರವಲ್ಲ.

ಅವಳ ಕತ್ತೂ ಹೀಗೇ ಕಪ್ಪಗಿತ್ತು. ಕಂಕುಳೂ ಹಾಗೇ. "ನಮ್ಮ ಸೊಸೆಗೆ ಮೈ ತೊಳಿಯಾಕೆ ಬರಲ್ಲ" ಅಂತ ಅವಳ ಅತ್ತೆ ನೆಂಟರ ಮುಂದೆ ಆಡಿಕೊಳ್ಳುತ್ತಿದ್ದಳು. ಹಬ್ಬಕ್ಕೆ ನಮ್ಮ ಮನೆಗೆ ಬಂದಾಗಲೆಲ್ಲ ಬಚ್ಚಲಲ್ಲಿ ಕೂರಿಸಿಕೊಂಡು ಉಜ್ಜುತ್ತಿದ್ದವಳು ನಾನೇ. ಇದೇ ತೆಂಗಿನ ನಾರು. ಚರ್ಮ ಕೆಂಪಾಗಿ ನೀರು ಬಿದ್ದರೆ ಉರಿಯುವವರೆಗೆ. "ಅಕ್ಕ, ಹೋಯ್ತೇನೆ?" ಅಂತ ಕೇಳುವಳು. "ವಸಿ ಹೋಯ್ತು ಕಣೇ" ಅಂತ ಸುಳ್ಳು ಹೇಳುವೆ.

ಮದುವೆಯಾದ ಮೇಲೆ ಮೈ ತುಂಬಿಕೊಂಡಳು. ಗಂಡನ ಮನೆಯ ಅನ್ನ ಹತ್ತಿತು ಅಂತ ನಾವೆಲ್ಲ ಖುಷಿಪಟ್ಟೆವು. ಮುಟ್ಟು ನಿಂತಾಗ ಬಸುರಿ ಅಂದೆವು. ಅಲ್ಲವೆಂದು ಗೊತ್ತಾದಾಗ ಬಂಜೆ ಅಂದರು. ಎಲ್ಲೂ ನೋಯುತ್ತಿರಲಿಲ್ಲವಲ್ಲ, ಅದಕ್ಕೆ ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಕೊನೆಗೆ ತೋಟದಲ್ಲಿ ಗರಿ ಎಳೆಯುವಾಗ ಕಾಲಿಗೆ ಮುಳ್ಳು ಚುಚ್ಚಿತು. ಆ ಗಾಯ ಮಾಯಲಿಲ್ಲ. ಅರಿಶಿನ ಹಚ್ಚಿದೆವು, ಸೊಪ್ಪು ಅರೆದು ಕಟ್ಟಿದೆವು. ಪಾದ ಕಪ್ಪಗಾದ ಮೇಲೆ ತುಮಕೂರಿಗೆ ಕರೆದುಕೊಂಡು ಹೋದೆವು. ರಕ್ತ ನೋಡಿದ ಡಾಕ್ಟರು, "ಸಕ್ಕರೆ ಇಷ್ಟೊಂದು ಏರಿದೆ. ಇಷ್ಟು ವರ್ಷ ಯಾರೂ ನೋಡಿಸಿಲ್ಲವೇನಮ್ಮ?" ಅಂತ ನನ್ನನ್ನು ಕೇಳಿದರು. ನಾನು ಅವಳ ಕಾಲ ಹತ್ತಿರ ನಿಂತಿದ್ದೆ. ಅವಳಿಗೆ ಆಗ ಮೂವತ್ತಮೂರು ವರ್ಷ. ಕಾಲು ತೆಗೆದರೂ ಉಳಿಯುವ ಹೊತ್ತು ಮೀರಿತ್ತು.

ದೀಪಾವಳಿಯ ಬೆಳಿಗ್ಗೆ ನಿನ್ನ ಜಡೆ ಎತ್ತಿದಾಗ ನನಗೆ ಕಂಡದ್ದು ಗಂಗೆಯ ಕತ್ತು. ಅದಕ್ಕೇ ಹುಚ್ಚಿಯ ಹಾಗೆ ಉಜ್ಜಿದೆ, ಕೊಳೆಯಾಗಿದ್ದರೆ ಹೋಗಲಿ ಅಂತ. ಹೋಗಲಿಲ್ಲ. ಆಗ ಸರದ ಮೇಲೆ ಹಾಕಿದೆ. ತಿಪಟೂರಿನ ಬಸ್ಸಿನಲ್ಲಿ ಕೂತು, ಇದು ಹಿತ್ತಾಳೆಯಾಗಲಿ ಅಂತ ಮನೆದೇವರಿಗೆ ಹರಕೆ ಹೊತ್ತೆ. ನಿನ್ನ ಅತ್ತೆಯನ್ನು ಮೋಸಗಾರ್ತಿ ಮಾಡುವುದಕ್ಕಲ್ಲ. ಸರ ಖೋಟಾ ಆದರೆ ನನ್ನ ಮಗಳಿಗೆ ಏನೂ ಇಲ್ಲ ಅಂತ. ಆಚಾರಿ ಕಲ್ಲಿಗೆ ಉಜ್ಜಿ ನೋಡಿ, "ಅಪ್ಪಟ ಕಣ್ರಮ್ಮ" ಅಂದ. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾಚಿಕೆಯಿಂದ ಕೂತೆ ಅಂದುಕೊಂಡು ಊರಿಗೆಲ್ಲ ಹಾಗೇ ಹೇಳಿದ. ಹೇಳಲಿ ಬಿಡು.

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಹೆದರಿಕೆ ಕಣೇ. ಬಾಯಿಬಿಟ್ಟು ಹೇಳಿದರೆ ಬಂದೇಬಿಡುತ್ತದೆ ಅನ್ನುವ ಹೆದರಿಕೆ.

ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದ ಕಾಯಿ ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ಒಳಗೆ ಒಣಗಿದೆಯೋ ಕೊಳೆತಿದೆಯೋ ತಿಳಿಯಬೇಕಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನಿನ್ನನ್ನೂ ಒಂದು ಸಲ ಯಾರಾದರೂ ಅಲ್ಲಾಡಿಸಿ ನೋಡಲಿ. ನಾನು ಕೇಳುವುದು ಅಷ್ಟೇ.

ಅವ್ವ


ಶೆಟ್ಟಿಕೆರೆ
೨೮-೩-೨೦೦೨

ಬೀಗಿತ್ತಿ ಚಿಕ್ಕಗೌರಮ್ಮನವರಿಗೆ ಕಲ್ಲಮ್ಮ ಬರೆಯುವುದು.

ನಿಮ್ಮ ಮೇಲಿನ ಸಿಟ್ಟು ನನಗೆ ಇಳಿದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸರ ನನ್ನ ತಾಯಿಯದು. ನನ್ನನ್ನು ಒಂದು ಮಾತು ಕೇಳಿದ್ದರೆ ನಾನೇ ಆಚಾರಿಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ.

ನಿಮ್ಮ ಕಾಗದ ಓದಿ ಕೃತಿಕಾ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. ಯಾರು ಹೋದರು ಅಂತ ಗಾಬರಿಯಾಗಿ ಕಾಗದ ಇಸಕೊಂಡು ಓದಿದೆ. ಬೇರೆಯವರ ಕಾಗದ ಓದಬಾರದು, ಓದಿದೆ. ನೀವು ಮೆಟ್ಟಿಲ ಮೇಲೆ ಕೂತ ಸುದ್ದಿ ಆಚಾರಿ ಬಂದು ಹೇಳಿದಾಗ ನಾನು ನಕ್ಕಿದ್ದೆ. ನಗಬಾರದಿತ್ತು.

ನಿಮ್ಮ ತಂಗಿಯ ಅತ್ತೆ ಏನು ಮಾಡುತ್ತಿದ್ದಳು? ಮನೆಯಲ್ಲೇ ಇದ್ದಳಲ್ಲ, ದಿನಾ ನೋಡುತ್ತಿದ್ದಳಲ್ಲ. ಎರಡು ದಿನದಿಂದ ನನಗೆ ಅದೇ ಯೋಚನೆ.

ಏಪ್ರಿಲ್ ಆರು, ಶನಿವಾರ, ನಾನು ಕೃತಿಕಾಳನ್ನು ತಿಪಟೂರಿನ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಬರುತ್ತೇನೆ. ಬರಿಹೊಟ್ಟೆಯಲ್ಲಿ ಬರಬೇಕಂತೆ. ನೀವೂ ಬನ್ನಿ. ಮಾತಾಡುವುದಿಲ್ಲ, ಆದರೆ ಪಕ್ಕದಲ್ಲಿ ಕೂರುತ್ತೇನೆ. ಮಗ ಮೋಹನ ತಾನೂ ಬರುತ್ತೇನೆ ಅಂದ. ಹೆಂಗಸರ ವಿಷಯ, ತೋಟಕ್ಕೆ ನೀರು ಕಟ್ಟು ಹೋಗು ಅಂದೆ.

ಇಂತಿ
ಕಲ್ಲಮ್ಮ


ಶೆಟ್ಟಿಕೆರೆ
೧೫-೪-೨೦೦೨

ಅವ್ವ,

ಮೊದಲು ಮುಖ್ಯವಾದದ್ದು. ನನಗೆ ಸಕ್ಕರೆ ಕಾಯಿಲೆ ಬಂದಿಲ್ಲ. ಇದನ್ನು ಓದಿ ಒಂದು ಲೋಟ ನೀರು ಕುಡಿದು ಆಮೇಲೆ ಮುಂದಕ್ಕೆ ಓದು.

ಯುಗಾದಿಯ ಹಿಂದಿನ ದಿನ ಹೋಗಿ ರಿಪೋರ್ಟ್ ತಂದೆವು. ಡಾಕ್ಟರು ನಿಧಾನವಾಗಿ ಕೂರಿಸಿಕೊಂಡು ಹೇಳಿದರು. ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಬಾಗಿಲ ಹತ್ತಿರ ನಿಂತಿದೆಯಂತೆ. ತಿಂದ ಅನ್ನದ ಸಕ್ಕರೆಯನ್ನು ಮೈಗೆ ಸೇರಿಸುವುದು ಇನ್ಸುಲಿನ್. ನನ್ನ ಮೈ ಅದರ ಮಾತು ಕೇಳುತ್ತಿಲ್ಲ. ಕೇಳಲಿ ಅಂತ ಒಳಗೆ ಇನ್ಸುಲಿನ್ ಇನ್ನೂ ಇನ್ನೂ ಸುರಿಯುತ್ತದೆ. ಕತ್ತಿನ ಕಪ್ಪು ಅದರಿಂದ, ಮುಟ್ಟು ನಿಂತದ್ದೂ ಅದರಿಂದ. ಸೊಂಟದ ಸುತ್ತಳತೆ, ರಕ್ತದೊತ್ತಡ, ರಕ್ತದಲ್ಲಿನ ಕೊಬ್ಬು, ಎಲ್ಲ ಸ್ವಲ್ಪ ಸ್ವಲ್ಪ ಮೇಲಿದೆ. ಬಿಡಿ ಬಿಡಿಯಾಗಿ ನೋಡಿದರೆ ಯಾವುದೂ ಹೆದರುವಂಥದ್ದಲ್ಲ. ಒಟ್ಟಿಗೆ ಸೇರಿದರೆ ಮೆಟಬಾಲಿಕ್ ಸಿಂಡ್ರೋಮ್ ಅಂತ ಹೆಸರು. ಹಾಗೇ ಬಿಟ್ಟರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎರಡಕ್ಕೂ ದಾರಿ. "ಮಕ್ಕಳಾಗೋ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಬೇಕಾದಷ್ಟಿದೆ ಕಣಮ್ಮ. ನೋವಿಲ್ಲ ಅಂತ ಯಾರೂ ಬರೋದಿಲ್ಲ. ನೀನು ಬೇಗ ಬಂದೆ" ಅಂದರು. ಈಗ ಮಾತ್ರೆ ಬೇಡ, ಆರು ತಿಂಗಳು ನಡೆದು, ಊಟ ತಿದ್ದಿಕೊಂಡು ಬಾ, ನೋಡೋಣ ಅಂದಿದ್ದಾರೆ. ಚಿಕ್ಕವ್ವನ ವಿಷಯ ಹೇಳಿದೆ. ಅದಕ್ಕೆ ಅವರು, "ನಿಮ್ಮ ತಾಯಿ ಹೆದರಿದ್ದೇ ನಿನಗೆ ಒಳ್ಳೇದಾಯ್ತು" ಅಂದರು. ನಿನ್ನ ಮೇಲೆ ಕೂಗಾಡಿ ಬರೆದದ್ದೆಲ್ಲ ನೆನಪಾಯಿತು ಅವ್ವ. ಮನಸ್ಸಿಗೆ ತಂದುಕೊಳ್ಳಬೇಡ.

ಮೊದಲ ದಿನ ನಿನ್ನ ರಕ್ತವನ್ನೂ ನೋಡಬೇಕು ಅಂತ ಡಾಕ್ಟರು ನಿನ್ನನ್ನು ಪಕ್ಕದ ಕೋಣೆಗೆ ಕಳಿಸಿದಾಗ ಆದದ್ದನ್ನು ನಿನಗೆ ಹೇಳಲೇ ಇಲ್ಲ. ಡಾಕ್ಟರು ನನ್ನ ಕತ್ತು ನೋಡಿ, "ಇದು ಕೊಳೆ ಅಲ್ಲ, ಚರ್ಮದ ರೋಗಾನೂ ಅಲ್ಲ, ಉಜ್ಜಬೇಡಿ" ಅಂದರು. ಅತ್ತೆ ತಕ್ಷಣ, "ಸರದಿಂದ ಬಂದದ್ದೂ ಅಲ್ಲ ತಾನೇ?" ಅಂದರು. ಅಲ್ಲವೇ ಅಲ್ಲ ಅಂದರು ಡಾಕ್ಟರು. "ಹಂಗಾರೆ ಅದನ್ನೊಂದು ಚೀಟೀಲಿ ಬರ್ಕೊಡಿ ತಾಯಿ, ಸೈನ್ ಹಾಕಿ" ಅಂತ ಕೈಚಾಚಿದರು. ಡಾಕ್ಟರು ನಗುತ್ತಾ ಬರೆದೂ ಕೊಟ್ಟರು. ಆ ಚೀಟಿ ಈಗ ನಮ್ಮ ದೇವರ ಮನೆಯಲ್ಲಿದೆ.

ನಿನ್ನ ರಿಪೋರ್ಟೂ ನನ್ನ ಕೈಯಲ್ಲೇ ಇದೆ. ಅವತ್ತು ಡಾಕ್ಟರು ನಿನ್ನ ಸೆರಗು ಸರಿಸಿ ಕತ್ತು ನೋಡಿದಾಗ ನೀನು ಯಾಕೆ ಅಷ್ಟು ಮುದುರಿಕೊಂಡೆ? ನಿನಗೂ ಇತ್ತಲ್ಲ ಅವ್ವ. ನಾನು ನಿನ್ನ ಕತ್ತನ್ನು ಯಾವತ್ತೂ ನೋಡಿಯೇ ಇರಲಿಲ್ಲ. ನಿನಗೆ ಸಕ್ಕರೆ ಬಂದಿದೆ. ಬಹಳ ಇಲ್ಲ. ಮಾತ್ರೆ ಬರೆದಿದ್ದಾರೆ, ಚೀಟಿ ಈ ಕವರಿನಲ್ಲೇ ಇಟ್ಟಿದ್ದೇನೆ. ತೆಗೆದುಕೊಂಡರೆ ಏನೂ ಆಗುವುದಿಲ್ಲ ಅಂತ ಡಾಕ್ಟರು ಆಣೆ ಇಟ್ಟ ಹಾಗೆ ಹೇಳಿದ್ದಾರೆ. ತೆಗೆದುಕೊಳ್ಳುತ್ತೀಯ. ಕಾರಣ ಕೇಳಬೇಡ, ಹೇಳಿದಷ್ಟು ಮಾಡು.

ಯುಗಾದಿಗೆ ಅತ್ತೆ ನನ್ನ ಕೈಗೆ ಬೇವು ಜಾಸ್ತಿ, ಬೆಲ್ಲ ಒಂದು ಚೂರು ಹಾಕಿದರು. ಒಬ್ಬಟ್ಟು ಕೇಳಿದ್ದಕ್ಕೆ ತಮ್ಮದರಲ್ಲೇ ಮುರಿದು ಒಂದು ತುಂಡು ಕೊಟ್ಟು, ತಾವೂ ಅಷ್ಟೇ ತಿಂದು ಎದ್ದರು.

ನಿನ್ನ
ಕೃತಿಕಾ


ದಂಡಿನಶಿವರ
೧೮-೭-೨೦೦೨

ಮಗಳೇ,

ಮಾತ್ರೆ ನುಂಗುತ್ತಿದ್ದೇನೆ. ಇಷ್ಟು ವರ್ಷ ಹೆದರಿದ್ದು ಇಷ್ಟು ಚಿಕ್ಕ ಮಾತ್ರೆಗೆ ಬಗ್ಗುತ್ತದೆ ಅಂತ ಗೊತ್ತಿದ್ದರೆ ಯಾವತ್ತೋ ನುಂಗುತ್ತಿದ್ದೆ. ಹೋದ ವಾರ ಮತ್ತೆ ರಕ್ತ ನೋಡಿಸಿದೆ, ಇಳಿದಿದೆ ಅಂದರು. ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದವಳು ಸರಿದು ಕೂತಳು.

ನಡಿಗೆಯ ಕಥೆ ಕೇಳು. ಬೆಳಿಗ್ಗೆ ಕೆರೆ ಏರಿಯ ಮೇಲೆ ಬರಿಗೈಯಲ್ಲಿ ಹೊರಟೆ. ಗಿಡ್ಡಯ್ಯ ಎದುರಾಗಿ, "ಎಲ್ಲಿಗ್ ಒಂಟ್ರಿ ಗೌರಮ್ನೋರೆ, ಯಾರಿಗ್ ಉಷಾರಿಲ್ಲ?" ಅಂದ. ವಾಕಿಂಗ್ ಅಂದೆ. ಅವನು ನಿಂತಲ್ಲೇ ನಿಂತು ನೋಡಿದ. ಕೆಲಸವಿಲ್ಲದೆ ನಡೆಯುವ ಹೆಂಗಸನ್ನು ಈ ಊರು ಎಂದೂ ಕಂಡಿಲ್ಲ. ಸಂಜೆಯ ಹೊತ್ತಿಗೆ ಮೂರು ಮನೆಯವರು ಬಂದು ನಿಮ್ಮಪ್ಪನ ಜೊತೆ ನಾನೇನಾದರೂ ಜಗಳ ಆಡಿದೆನೋ ಅಂತ ವಿಚಾರಿಸಿಕೊಂಡು ಹೋದರು. ಮಾರನೆಯ ದಿನದಿಂದ ಕೈಯಲ್ಲಿ ಒಂದು ಕುಡುಗೋಲು, ಹೆಗಲ ಮೇಲೆ ಹಗ್ಗ. ಈಗ ಯಾರೂ ಕೇಳುವುದಿಲ್ಲ. ಕುಡುಗೋಲು ಹಿಡಿದು ಬರಿಗೈಯಲ್ಲಿ ಬಂದರೆ ನಗುತ್ತಾರಲ್ಲ, ಅದಕ್ಕೆ ಒಂದು ಹೊರೆ ಹುಲ್ಲೂ ತರುತ್ತೇನೆ. ನಾನು ಇಳಿಯುತ್ತಿದ್ದೇನೆ, ಹಸು ದಪ್ಪವಾಗುತ್ತಿದೆ. ಅದರ ಕತ್ತನ್ನೂ ನೋಡುತ್ತಾ ಇರು ಅಂತಾರೆ ನಿಮ್ಮಪ್ಪ.

ನೀನು ನಡೆಯುತ್ತಿದ್ದೀಯ ತಾನೇ? ಜೊತೆಗೆ ಯಾರು ಬರುತ್ತಾರೆ? ಮಳೆ ಬಂತು ಅಂತ ಬಿಡಬೇಡ. ಗಂಗೆಗೆ ಇಂಥದ್ದೊಂದು ಇದೆ ಅಂತ ಹೇಳುವವರೇ ಇರಲಿಲ್ಲ. ನಿನಗೆ ಹೇಳುವವರು ಹೆಚ್ಚಾಗಿದ್ದೇವೆ, ಸಹಿಸಿಕೋ.

ಅವ್ವ


ಶೆಟ್ಟಿಕೆರೆ
೨೦-೧೦-೨೦೦೨

ಅವ್ವ,

ಹೇಳುವುದು ಬಹಳ ಇದೆ. ಜೊತೆಗೆ ಯಾರು ಬರುತ್ತಾರೆ ಅಂದೆಯಲ್ಲ, ಅತ್ತೆ. ಮೊದಲು ಮನೆ ಬಾಗಿಲವರೆಗೆ ಬಂದರು, ಆಮೇಲೆ ಬೀದಿ ಕೊನೆಯವರೆಗೆ. ಈಗ ಊರಾಚೆಯ ನಮ್ಮ ತೋಟಕ್ಕೆ ದಿನಾ ನನಗಿಂತ ಮುಂದೆ ಹೋಗುತ್ತಾರೆ. "ಉದುರಿದ ಕಾಯಿ ಯಾರಾದ್ರೂ ಹೊತ್ಕೊಂಡ್ ಹೋಗ್ತಾರೆ, ಅದ್ಕೆ ಬತ್ತೀನಿ" ಅನ್ನುತ್ತಾರೆ. ಅಲ್ಲಿ ಉದುರುವ ಕಾಯಿ ಎಷ್ಟು ಅಂತ ನಿನಗೆ ಗೊತ್ತೇ ಇದೆ. ದಾರಿಯಲ್ಲಿ ಅವರ ತಾಯಿಯ ಕಥೆ, ಮಾವನವರ ಮೇಲಿನ ದೂರು, ಇವರು ಸಣ್ಣವರಿದ್ದಾಗಿನ ಕಳ್ಳತನಗಳು, ಎಲ್ಲ ಕೇಳಿಸುತ್ತಾರೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಇದೊಂದೂ ಗೊತ್ತಿರಲಿಲ್ಲ.

ಜುಲೈ ಕೊನೆಯಲ್ಲಿ ಮುಟ್ಟಾದೆ. ಬಚ್ಚಲಿನಿಂದಲೇ ಕೂಗಿ ಹೇಳಿದೆ. ಅತ್ತೆ ಹೋಗಿ ದೇವರ ಮುಂದೆ ಕಾಯಿ ಒಡೆದರು. ಸೊಸೆ ಮುಟ್ಟಾದಳು ಅಂತ ಕಾಯಿ ಒಡೆದ ಅತ್ತೆ ಈ ಸೀಮೆಯಲ್ಲಿ ಇವರೊಬ್ಬರೇ ಇರಬೇಕು. ಯಾಕೆ ಅಂತ ಮಾವನವರು ಕೇಳಿದರೆ, "ನಿಮಗೆ ಯಾಕೆ ಅದೆಲ್ಲ" ಅಂದರು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ತಪ್ಪದೆ ಆಗುತ್ತಿದೆ.

ನಿನ್ನೆ ರಿಪೋರ್ಟ್ ಬಂತು. ಸಕ್ಕರೆ ಇರಬೇಕಾದಲ್ಲಿದೆ. ಒತ್ತಡ ಇಳಿದಿದೆ. ಸೊಂಟ ಇಳಿದು ಹಳೆಯ ರವಿಕೆಗಳು ಮತ್ತೆ ಆಗುತ್ತಿವೆ. ಬಾಗಿಲ ಹತ್ತಿರ ನಿಂತಿದ್ದದ್ದು ಹೊರಟುಹೋಗಿದೆ, ಆದರೆ ಬೀದಿಯಲ್ಲೇ ಇರುತ್ತದೆ, ನಡಿಗೆ ಬಿಡಬೇಡ ಅಂದರು ಡಾಕ್ಟರು. ಇನ್ನೊಂದು ಮಗು ಬೇಕಾದರೆ ಈಗ ಯೋಚಿಸಬಹುದು, ಬಸುರಾದ ಕೂಡಲೇ ಬಾ ಅಂದರು. ಅತ್ತೆ ಪಕ್ಕದಲ್ಲೇ ಇದ್ದರು. ಏನಾದರೂ ಅನ್ನುತ್ತಾರೆ ಅಂದುಕೊಂಡೆ. "ಆತುರ ಇಲ್ಲ ತಾಯಿ, ಮೊದ್ಲು ಅವಳು ಗಟ್ಟಿಯಾಗ್ಲಿ" ಅಂದರು. ಹೊರಗೆ ಬಂದು ಅವರ ಕೈ ಹಿಡಿದುಕೊಂಡೆ. ಬಸ್ಸು ಬರುವವರೆಗೆ ಬಿಡಲಿಲ್ಲ.

ಕತ್ತಿನ ಕಪ್ಪು ಪೂರ್ತಿ ಹೋಗಿಲ್ಲ. ಮಾಸಿದೆ. ಈಗ ಜಡೆಯನ್ನು ಎತ್ತಿ ಕಟ್ಟುತ್ತೇನೆ.

ದೀಪಾವಳಿಗೆ ಬರುತ್ತಿದ್ದೇನೆ. ನಾನು ಕೇಳಲಿಲ್ಲ, ಅತ್ತೆಯೇ ಹೇಳಿದರು. "ಸರ ಹಾಕ್ಕೊಂಡೇ ಹೋಗು. ಈ ಸಲ ಎಲ್ಲಿ ಬೇಕಾದ್ರೂ ಹಚ್ಚಿ ನೋಡ್ಕೊಳ್ಳಲಿ ನಿಮ್ಮವ್ವ" ಅಂದರು. ಹೇಳುವಾಗ ನಗುತ್ತಿದ್ದರು.

ನಿನ್ನ
ಕೃತಿಕಾ


ದಂಡಿನಶಿವರ
೮-೧೧-೨೦೦೨

ಬೀಗಿತ್ತಿ ಕಲ್ಲಮ್ಮನವರಿಗೆ ಚಿಕ್ಕಗೌರಮ್ಮನ ಶರಣು.

ನಿಮ್ಮ ಸೊಸೆಯನ್ನೂ ಮೊಮ್ಮಗಳನ್ನೂ ನಿನ್ನೆ ಬಸ್ಸು ಹತ್ತಿಸಿದೆ. ತಲುಪಿರುತ್ತಾರೆ. ಚೀಲದಲ್ಲಿ ಉಂಡೆ ಇಲ್ಲ, ಹುಡುಕಬೇಡಿ. ಹುರುಳಿಕಾಳು, ಅವರೆ, ನುಗ್ಗೆಸೊಪ್ಪು ಇದೆ. ಒಂದು ಚಿಕ್ಕ ಡಬ್ಬಿಯಲ್ಲಿ ಕೊಬ್ಬರಿ ಇದೆ, ಅದು ನಿಮಗೆ. ಬಾಗಿಲು ಹಾಕಿಕೊಂಡು ತಿನ್ನಿ, ಪುಟ್ಟಿ ನೋಡಿದರೆ ನನಗೆ ಸುದ್ದಿ ಬರುತ್ತದೆ.

ನೀವು ಸಿಟ್ಟು ಇಳಿದಿಲ್ಲ ಅಂತ ಬರೆದ ಕಾಗದವನ್ನು ಇಟ್ಟುಕೊಂಡಿದ್ದೇನೆ. ತಂಗಿಯ ಅತ್ತೆ ಏನು ಮಾಡುತ್ತಿದ್ದಳು ಅಂತ ಕೇಳಿದ್ದಿರಿ. ಏನೂ ಮಾಡಲಿಲ್ಲ. ನಾನೂ ಉಜ್ಜುವುದು ಬಿಟ್ಟು ಬೇರೇನೂ ಮಾಡಲಿಲ್ಲ. ನೀವು ಮಾಡಿದಿರಿ. ನನ್ನ ಮಗಳು ಹೋಗಲಾರೆ ಅಂದಿದ್ದಳು, ನೀವು ಕರೆದುಕೊಂಡು ಹೋದಿರಿ. ಇದನ್ನು ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಾಗಲೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಬ್ಬದ ಬೆಳಿಗ್ಗೆ ಕೃತಿಕಾಳನ್ನು ಎಣ್ಣೆನೀರಿಗೆ ಕೂರಿಸಿದೆ. ಅಭ್ಯಾಸಬಲ, ಕೈ ತಾನಾಗಿಯೇ ಗೂಡಿನಲ್ಲಿದ್ದ ತೆಂಗಿನ ನಾರಿಗೆ ಹೋಯಿತು. ಅದನ್ನು ತೆಗೆದು ಹಂಡೆಯ ಕೆಳಗಿನ ಒಲೆಗೆ ಹಾಕಿದೆ, ಚೆನ್ನಾಗಿ ಉರಿಯಿತು. ಜಡೆ ಎತ್ತಿ ಕತ್ತು ನೋಡಿದೆ. ಗಂಗೆಯ ಕತ್ತು ಕಾಣಲಿಲ್ಲ, ನನ್ನ ಮಗಳ ಕತ್ತೇ ಕಂಡಿತು. ಬರಿ ಅಂಗೈಯಿಂದ ಎಣ್ಣೆ ಸವರಿದೆ. "ಹೋಯ್ತೇನವ್ವ?" ಅಂತ ಅವಳು ಕೇಳಿದಳು. "ವಸಿ ಹೋಯ್ತು ಕಣೇ" ಅಂದೆ. ಈ ಸಲ ಅದು ನಿಜ.

ನಿಮ್ಮ ಸರವನ್ನು ಬಿಚ್ಚಿಸಲಿಲ್ಲ. ಕತ್ತಿನಲ್ಲಿದ್ದ ಹಾಗೆಯೇ ನೀರು ಎರೆದೆ.

ನಿಮ್ಮ
ಚಿಕ್ಕಗೌರಮ್ಮ